ಮೂರು ಕಿರೀಟಗಳ ಕಾಲಬುಡದಲ್ಲಿ ಹರಿಯುವ ಹಿಮ

ಮನೆಯಲ್ಲಿ ಗ್ಲೋಬ್ ಇದ್ದರೆ ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಅಜ್ಜನ ಪಕ್ಕದಲ್ಲಿಟ್ಟುಕೊಂಡು ಕುಳಿತುಕೊಳ್ಳಿ ಮಕ್ಕಳೇ. ಗ್ಲೋಬ್ ಇಲ್ಲದಿದ್ದರೆ ಶಾಲೆಯ ಅಟ್ಲಾಸ್ ಸಾಕು. ಯುರೋಪಿನ ನೆತ್ತಿಯ ಮೇಲೆ ನಾರ್ವೆ ದೇಶವಿದೆ. ಅದರ ಉತ್ತರದ ತುದಿಯಿಂದ ಬೆರಳನ್ನು ಇನ್ನೂ ಮೇಲಕ್ಕೆ, ಉತ್ತರ ಧ್ರುವದ ಕಡೆಗೆ ಸರಿಸುತ್ತಾ ಹೋಗಿ. ಸಮುದ್ರದ ನಡುವೆ ಚೂರುಚೂರಾದ ದ್ವೀಪಗಳ ಒಂದು ಗುಂಪು ಸಿಗುತ್ತದೆ. ಅದೇ ಸ್ವಾಲ್‌ಬಾರ್ಡ್. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ದ್ವೀಪದ ಹೆಸರು ಸ್ಪಿಟ್ಸ್‌ಬರ್ಗನ್. 1596ರಲ್ಲಿ ಅಲ್ಲಿಗೆ ಹಡಗಿನಲ್ಲಿ ಹೋದ ಡಚ್ ನಾವಿಕ ವಿಲೆಮ್ ಬಾರೆಂಟ್ಸ್ ಇಟ್ಟ ಹೆಸರು ಅದು. ‘ಚೂಪು ಬೆಟ್ಟಗಳು’ ಎಂದು ಅದರ ಅರ್ಥ. ಆತನಿಗೆ ಕಂಡದ್ದನ್ನೇ ಹೆಸರಾಗಿಸಿದ, ಅಷ್ಟೇ. ನಮ್ಮ ಹಳ್ಳಿಗಳ ಹೆಸರುಗಳೂ ಎಷ್ಟೋ ಸಲ ಹೀಗೇ ಹುಟ್ಟಿದವಲ್ಲವೇ, ಕರಿಕಲ್ಲು, ಹೊಳೆಸಾಲು ಎಂದು!

ದ್ವೀಪಸಮೂಹದ ಒಟ್ಟು ವಿಸ್ತಾರ ಸುಮಾರು 61,000 ಚದರ ಕಿಲೋಮೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹಿಮನದಿಗಳೇ ಮುಚ್ಚಿಕೊಂಡಿವೆ. ಹಿಮನದಿಗಳು ನೂರಾರಿವೆ, ಎಲ್ಲವನ್ನೂ ನೋಡಲು ಹೊರಟರೆ ಈ ಸಂಚಿಕೆ ಸಾಲದು. ಆದ್ದರಿಂದ ಒಂದೇ ಒಂದು ಮೂಲೆಯನ್ನು ಆರಿಸಿಕೊಳ್ಳೋಣ. ಸ್ಪಿಟ್ಸ್‌ಬರ್ಗನ್‌ನ ವಾಯವ್ಯ ಭಾಗದಲ್ಲಿರುವ ಕೋಂಗ್ಸ್‌ಫ್ಯೋರ್ಡ್ ಎಂಬ ಕಡಲ ತೋಳು. ಫ್ಯೋರ್ಡ್ ಎಂದರೆ, ಹಿಂದೊಮ್ಮೆ ಹಿಮನದಿ ಕೊರೆದು ಬಿಟ್ಟುಹೋದ ಆಳವಾದ ಕಣಿವೆಯೊಳಗೆ ಸಮುದ್ರದ ನೀರು ನುಗ್ಗಿ ನಿಂತಿರುವ ಜಾಗ. ಕೋಂಗ್ಸ್‌ಫ್ಯೋರ್ಡ್ ಎಂದರೆ ‘ರಾಜನ ಫ್ಯೋರ್ಡ್’. ಉದ್ದ ಸುಮಾರು 20 ಕಿಲೋಮೀಟರ್.

ಈ ಮೂಲೆಯನ್ನೇ ಆರಿಸಲು ಒಂದು ಕಾರಣವಿದೆ. ಅಲ್ಲಿ ನಮ್ಮದೊಂದು ಮನೆ ಇದೆ. ಫ್ಯೋರ್ಡಿನ ದಕ್ಷಿಣ ದಂಡೆಯಲ್ಲಿ ನೀ-ಓಲೆಸುಂಡ್ ಎಂಬ ಪುಟ್ಟ ಊರು. ಉತ್ತರ ಧ್ರುವಕ್ಕೆ ಅಲ್ಲಿಂದ ಹೆಚ್ಚುಕಡಿಮೆ 1,230 ಕಿಲೋಮೀಟರ್ ಮಾತ್ರ. ಆ ಊರಿನಲ್ಲಿ 2008ರ ಜುಲೈ 1ರಂದು ಭಾರತ ತನ್ನ ಸಂಶೋಧನಾ ಕೇಂದ್ರವನ್ನು ತೆರೆಯಿತು. ಹೆಸರು ‘ಹಿಮಾದ್ರಿ’. ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತದೆ.

ಹಿಮಾದ್ರಿಯ ಬಳಿ ನಿಂತು ಪೂರ್ವಕ್ಕೆ, ಫ್ಯೋರ್ಡಿನ ಒಳತುದಿಯ ಕಡೆಗೆ ನೋಡಿದರೆ ಕಣ್ಣಿಗೆ ಬೀಳುವುದು ಮೂರು ಶಿಖರಗಳು. ಅವುಗಳ ಚಿತ್ರ ನೋಡಿದವರು ಯಾರೋ ಕೈಯಾರೆ ಕಟ್ಟಿದ ಪಿರಮಿಡ್ಡುಗಳು ಎಂದುಕೊಂಡಾರು. ಅಷ್ಟು ನೇರವಾದ ಇಳಿಜಾರು, ಅಷ್ಟು ಅಚ್ಚುಕಟ್ಟಾದ ಪದರಗಳು. ‘ತ್ರೇ ಕ್ರೋನರ್’ ಎಂದರೆ ಮೂರು ಕಿರೀಟಗಳು. ಒಂದೊಂದಕ್ಕೂ ಒಂದೊಂದು ಹೆಸರು: ಸ್ವೇಯಾ, ನೋರಾ, ದಾನಾ. ಇವು ಮೂವರು ಅಕ್ಕತಂಗಿಯರ ಹೆಸರಿನಂತೆ ಕೇಳಿಸುತ್ತವೆ, ನಿಜಕ್ಕೂ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಎಂಬ ಮೂರು ನೆರೆಯ ದೇಶಗಳಿಗೆ ಕೊಟ್ಟ ಹೆಸರು. ಸ್ವೇಯಾ ಮತ್ತು ನೋರಾ ಎರಡೂ ಸುಮಾರು 1,225 ಮೀಟರ್ ಎತ್ತರ, ದಾನಾ ಐವತ್ತು ಮೀಟರ್ ಕಡಿಮೆ. ಎತ್ತರದ ಲೆಕ್ಕದಲ್ಲಿ ಇದೇನೂ ಮಹಾ ದೊಡ್ಡದಲ್ಲ. ಆದರೆ ಇಲ್ಲಿ ಬುಡ ಹಿಮದಲ್ಲಿ ಹೂತುಹೋಗಿದೆ, ತಲೆ ಮಾತ್ರ ಹೊರಗೆ. ಹಾಲಿನ ಪಾತ್ರೆಯಲ್ಲಿ ಮುಳುಗಿಸಿಟ್ಟ ಮೂರು ಮೋದಕಗಳ ತುದಿ ಮೇಲೆ ಕಂಡ ಹಾಗೆ. ಹೀಗೆ ಹಿಮದ ಹೊದಿಕೆಯನ್ನು ಸೀಳಿಕೊಂಡು ಎದ್ದ ಶಿಖರಗಳಿಗೆ ‘ನುನಾಟಕ್’ ಎನ್ನುತ್ತಾರೆ. ಗ್ರೀನ್‌ಲ್ಯಾಂಡಿನ ಮೂಲನಿವಾಸಿಗಳ ಮಾತಿನಿಂದ ಬಂದ ಶಬ್ದ ಅದು.

ಆ ಪದರಗಳ ವಿಷಯ ಸ್ವಲ್ಪ ನಿಂತು ಹೇಳಬೇಕು. ಕೆಳಗಿನ ಕೆಂಪು ಪದರ ಮರಳುಗಲ್ಲು. ಅದರ ವಯಸ್ಸು ಸುಮಾರು 40 ಕೋಟಿ ವರ್ಷ. ಮೇಲಿನ ಹಳದಿ ಛಾಯೆಯ ಪದರ ಸುಣ್ಣದಕಲ್ಲು, ಸುಮಾರು 30 ಕೋಟಿ ವರ್ಷದ್ದು. ಮರಳುಗಲ್ಲು ನದಿಗಳು ತಂದು ಸುರಿದ ಮರಳಿನಿಂದ ಆದದ್ದು. ಸುಣ್ಣದಕಲ್ಲು ಬೆಚ್ಚಗಿನ, ಆಳವಿಲ್ಲದ ಸಮುದ್ರದಲ್ಲಿ ಆಗುವಂಥದ್ದು. ಬೆಚ್ಚಗಿನ ಸಮುದ್ರ, ಅದೂ ಧ್ರುವದ ಹತ್ತಿರ ಎಲ್ಲಿಂದ ಬಂತು ಎಂದು ಜಾಣ ಮಕ್ಕಳು ಕೇಳುತ್ತಾರೆ. ಉತ್ತರ ಸರಳ: ಆಗ ಈ ನೆಲ ಇಲ್ಲಿರಲಿಲ್ಲ. ಭೂಮಿಯ ಮೇಲ್ಪದರದ ಫಲಕಗಳು ನಿಧಾನವಾಗಿ ಚಲಿಸುತ್ತಲೇ ಇರುತ್ತವೆ. ಕೆಂಪು ಮರಳು ಕೂಡಿಬೀಳುತ್ತಿದ್ದ ಕಾಲಕ್ಕೆ ಸ್ವಾಲ್‌ಬಾರ್ಡಿನ ನೆಲ ಭೂಮಧ್ಯರೇಖೆಯ ಹತ್ತಿರದಲ್ಲಿತ್ತು. ಅಲ್ಲಿಂದ ಕೋಟ್ಯಂತರ ವರ್ಷ ಉತ್ತರಕ್ಕೆ ತೇಲಿ ಈಗಿನ ಜಾಗಕ್ಕೆ ಬಂದಿದೆ. ಸ್ಪಿಟ್ಸ್‌ಬರ್ಗನ್‌ನ ಇಂಥ ಕೆಂಪು ಮರಳುಗಲ್ಲುಗಳಲ್ಲಿ ಬಹಳ ಪುರಾತನ ಕಾಲದ ಮೀನುಗಳ ಪಳೆಯುಳಿಕೆಗಳು ಸಿಕ್ಕಿವೆ. ಹಿಮದ ನಾಡಿನ ಬೆಟ್ಟ ತನ್ನ ಹೊಟ್ಟೆಯಲ್ಲಿ ಬಿಸಿಲುನಾಡಿನ ನೆನಪನ್ನು ಇಟ್ಟುಕೊಂಡಿದೆ.

ಇನ್ನು ಹಿಮನದಿಗಳಿಗೆ ಬರೋಣ. ಮೂರು ಕಿರೀಟಗಳ ಮುಂದೆ, ಫ್ಯೋರ್ಡಿನ ತುದಿಗೆ ಎರಡು ಹಿಮನದಿಗಳು ಬಂದು ಸೇರುತ್ತವೆ. ಒಂದು ಕ್ರೋನೆಬ್ರೇನ್, ಅಂದರೆ ಕಿರೀಟದ ಹಿಮನದಿ. ಇನ್ನೊಂದು ಕೋಂಗ್ಸ್‌ವೇಗನ್, ರಾಜಮಾರ್ಗ. ಎರಡೂ ಒಂದನ್ನೊಂದು ತಾಗಿಕೊಂಡೇ ಇಳಿಯುತ್ತವೆ. ನಡುವೆ ಕಲ್ಲುಮಣ್ಣಿನ ಕಪ್ಪು ಗೆರೆಯೊಂದು ಮೇಲಿನಿಂದ ಕೆಳಗಿನವರೆಗೂ ಇದೆ, ಅಣ್ಣತಮ್ಮಂದಿರ ಹೊಲದ ನಡುವಿನ ಬದುವಿನ ಹಾಗೆ.

ಹಿಮ ಗಟ್ಟಿಯಾಗಿದ್ದೂ ಹೇಗೆ ಹರಿಯುತ್ತದೆ? ಎತ್ತರದ ಬಯಲಿನಲ್ಲಿ ಪ್ರತಿವರ್ಷ ಹಿಮ ಬೀಳುತ್ತದೆ. ಬೇಸಿಗೆಯಲ್ಲಿ ಪೂರ್ತಿ ಕರಗುವುದಿಲ್ಲ. ಅದರ ಮೇಲೆ ಮರುವರ್ಷದ್ದು, ಅದರ ಮೇಲೆ ಇನ್ನೊಂದು ವರ್ಷದ್ದು. ಮೇಲಿನ ಭಾರಕ್ಕೆ ಕೆಳಗಿನ ಹಿಮದೊಳಗಿನ ಗಾಳಿಯೆಲ್ಲ ಹಿಂಡಿಹೋಗಿ, ಉಳಿದದ್ದು ಗುಳ್ಳೆಗಳಾಗಿ ಸಿಕ್ಕಿಕೊಂಡು, ಗಟ್ಟಿ ನೀರ್ಗಲ್ಲಾಗುತ್ತದೆ. ಸಾಕಷ್ಟು ದಪ್ಪ ಆದಮೇಲೆ ತನ್ನ ಭಾರವನ್ನು ತಾನೇ ತಾಳಲಾರದೆ ಇಳಿಜಾರಿನ ಕಡೆಗೆ ಒಸರಿಕೊಳ್ಳುತ್ತದೆ. ಚಳಿಗಾಲದ ಬೆಳಗ್ಗೆ ಜೋನಿಬೆಲ್ಲದ ಪಾತ್ರೆಯನ್ನು ಓರೆ ಮಾಡಿದ್ದನ್ನು ಅಜ್ಜಿಯನ್ನು ಕೇಳಿ, ಅದು ಎಷ್ಟು ಸಾವಧಾನವಾಗಿ ಅಂಚಿಗೆ ಬರುತ್ತದೆ ಎಂದು ಹೇಳುತ್ತಾರೆ. ಜೊತೆಗೆ ತಳದಲ್ಲಿ ಕರಗಿದ ನೀರು ಸೇರಿದರೆ, ಹಿಮನದಿ ಬಂಡೆಯ ಮೇಲೆ ಜಾರುತ್ತದೆ ಕೂಡ.

ಅಕ್ಕಪಕ್ಕದಲ್ಲೇ ಇದ್ದರೂ ಈ ಎರಡರ ಸ್ವಭಾವ ಪೂರಾ ಬೇರೆ. ಕ್ರೋನೆಬ್ರೇನ್ ಸ್ವಾಲ್‌ಬಾರ್ಡಿನಲ್ಲೇ ಅತಿ ವೇಗದ ಹಿಮನದಿಗಳಲ್ಲಿ ಒಂದು. ಬೇಸಿಗೆಯಲ್ಲಿ ಅದರ ಮುಂಭಾಗ ದಿನಕ್ಕೆ ಎರಡು ಮೂರು ಮೀಟರ್ ಹರಿಯುತ್ತದೆ. ಇವತ್ತು ನಡುಮನೆಯಲ್ಲಿದ್ದದ್ದು ನಾಳೆ ಅಡಿಗೆಮನೆಯಲ್ಲಿ! ಕೋಂಗ್ಸ್‌ವೇಗನ್ ಹಾಗಲ್ಲ. ದಶಕಗಳ ಕಾಲ ಅದು ವರ್ಷಕ್ಕೆ ಕೆಲವೇ ಮೀಟರ್ ಸರಿದಿದೆ. ತಮ್ಮ ಒಂದು ದಿನದಲ್ಲಿ ನಡೆದಷ್ಟನ್ನು ಅಣ್ಣ ಒಂದು ವರ್ಷದಲ್ಲಿ ನಡೆಯುತ್ತಾನೆ. ಆದರೆ ಈ ಅಣ್ಣನ ಸೋಮಾರಿತನವನ್ನು ನಂಬುವಂತಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಕ್ರೋನೆಬ್ರೇನ್ ಸಮುದ್ರಕ್ಕೆ ಇಳಿಯುವಲ್ಲಿ ಹಿಮದ ಗೋಡೆಯೇ ನಿಂತಿದೆ. ಅದರಿಂದ ದೊಡ್ಡ ದೊಡ್ಡ ತುಂಡುಗಳು ಗುಡುಗಿನ ಸದ್ದಿನೊಂದಿಗೆ ನೀರಿಗೆ ಕಳಚಿ ಬೀಳುತ್ತವೆ. ಆಗತಾನೆ ಒಡೆದ ಜಾಗ ಕಡುನೀಲಿ. ಬೆಳಕಿನ ಏಳು ಬಣ್ಣಗಳಲ್ಲಿ ಕೆಂಪನ್ನು ದಪ್ಪನೆಯ ನೀರ್ಗಲ್ಲು ಹೀರಿಕೊಳ್ಳುತ್ತದೆ, ನೀಲಿಯನ್ನು ಹಿಂದಕ್ಕೆ ಕಳಿಸುತ್ತದೆ. ತೇಲುವ ತುಂಡುಗಳ ಹತ್ತಿರ ದೋಣಿ ನಿಲ್ಲಿಸಿದರೆ ಚಟಚಟ ಎಂದು ಸದ್ದು ಕೇಳುತ್ತದಂತೆ. ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ಎಷ್ಟೋ ಹಿಂದೆ ಸೆರೆಯಾದ ಆ ಗಾಳಿಗುಳ್ಳೆಗಳು ಒಂದೊಂದಾಗಿ ಬಿಡುಗಡೆಯಾಗುವ ಸದ್ದು ಅದು. ಹಿಮದ ಗೋಡೆಯ ಬುಡದಿಂದ ಕೆಸರು ಬೆರೆತ ಕಂದು ನೀರು ಮೇಲಕ್ಕೆ ಉಕ್ಕುತ್ತದೆ. ಅದರೊಂದಿಗೆ ಸಣ್ಣ ಸಣ್ಣ ಜಲಜೀವಿಗಳೂ ಮೇಲೆ ಬರುವುದರಿಂದ ಕಡಲಹಕ್ಕಿಗಳಿಗೆ ಹಬ್ಬದೂಟ. ನೂರಾರು ಕಿಟ್ಟಿವೇಕ್ ಹಕ್ಕಿಗಳು ಆ ಕಂದು ನೀರಿನ ಮೇಲೇ ಗಿರಕಿ ಹೊಡೆಯುತ್ತವೆ. ಸೀಲ್‌ಗಳು ತೇಲುವ ಹಿಮದ ಮೇಲೆ ಮಲಗಿ ನಿದ್ದೆ ತೆಗೆಯುತ್ತವೆ, ಹಿಮಕರಡಿ ಬರದಿದ್ದರೆ.

ಈಗ ನನ್ನ ಇಷ್ಟದ ಭಾಗ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಲೆಡ್ಜರ್ ಬರೆದವನು. ಹಿಮನದಿಯ ವಿಜ್ಞಾನಿಗಳೂ ಅದನ್ನೇ ಮಾಡುತ್ತಾರೆ ಎಂದು ಓದಿದಾಗ ನನಗೆ ಬಲು ಹಿಗ್ಗಾಯಿತು. ಚಳಿಗಾಲದಲ್ಲಿ ಬಿದ್ದ ಹಿಮ ಜಮೆ. ಬೇಸಿಗೆಯಲ್ಲಿ ಕರಗಿದ್ದು, ಸಮುದ್ರಕ್ಕೆ ಕಳಚಿ ಬಿದ್ದದ್ದು ಖರ್ಚು. ಎರಡರ ವ್ಯತ್ಯಾಸ ಆ ವರ್ಷದ ಶಿಲ್ಕು. ನಮಗೆ ಮಾರ್ಚ್ 31 ವರ್ಷಾಂತ್ಯ, ಆ ರಾತ್ರಿ ಮನೆಗೆ ಹೋಗುವುದು ಎಷ್ಟು ಹೊತ್ತಿಗೋ ಎಂದು ಹೆಂಡತಿ ಮಕ್ಕಳಿಗೂ ಗೊತ್ತಿರುತ್ತಿತ್ತು. ಹಿಮನದಿಗೆ ವರ್ಷಾಂತ್ಯ ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಕರಗುವುದು ನಿಂತು ಹೊಸ ಹಿಮ ಬೀಳಲು ಶುರುವಾಗುವಾಗ.

ಲೆಕ್ಕ ಇಡುವ ಸಾಧನ ನೋಡಿದರೆ ನಗು ಬರುತ್ತದೆ. ಒಂದು ಉದ್ದನೆಯ ಕೋಲು! ಹಿಮನದಿಯ ಮೇಲೆ, ಕೆಳಗಿನಿಂದ ಮೇಲಿನವರೆಗೆ ಅಲ್ಲಲ್ಲಿ ಆಳವಾದ ತೂತು ಕೊರೆದು ಲೋಹದ ಕೋಲುಗಳನ್ನು ನೆಡುತ್ತಾರೆ. ವಸಂತದಲ್ಲಿ ಒಮ್ಮೆ ಹೋಗಿ ಕೋಲಿನ ಎಷ್ಟು ಭಾಗ ಹೊರಗಿದೆ, ಹೊಸ ಹಿಮ ಎಷ್ಟು ಆಳವಿದೆ ಎಂದು ಅಳೆಯುತ್ತಾರೆ. ಬೇಸಿಗೆ ಮುಗಿದಮೇಲೆ ಮತ್ತೆ ಹೋಗಿ ಅಳೆಯುತ್ತಾರೆ. ಕಳೆದ ವರ್ಷ ಇದೇ ಹೊತ್ತಿಗೆ ಒಂದು ಮೀಟರ್ ಹೊರಗಿದ್ದ ಕೋಲು ಈ ವರ್ಷ ಎರಡು ಮೀಟರ್ ಹೊರಗಿದ್ದರೆ, ಆ ಜಾಗದಲ್ಲಿ ಒಂದು ಮೀಟರ್ ನೀರ್ಗಲ್ಲು ಹೋಯಿತು ಎಂದು ಲೆಕ್ಕ. ಜಮೆ ಬರೆಯುವಾಗ ಒಂದು ಎಚ್ಚರಿಕೆ ಬೇಕು. ಹೊಸ ಹಿಮ ಹಗುರ, ನೀರ್ಗಲ್ಲು ಭಾರ. ಒಂದು ಚೀಲ ಮಂಡಕ್ಕಿಯನ್ನೂ ಒಂದು ಚೀಲ ಅಕ್ಕಿಯನ್ನೂ ಸಮ ಎಂದು ಯಾವ ಅಂಗಡಿಯವನೂ ಬರೆದುಕೊಳ್ಳುವುದಿಲ್ಲ. ಅದಕ್ಕೇ ಹಿಮದಲ್ಲಿ ಗುಂಡಿ ತೋಡಿ, ತೂಕ ನೋಡಿ, ಕರಗಿಸಿದರೆ ಎಷ್ಟು ನೀರಾಗುತ್ತದೆ ಎಂಬ ಒಂದೇ ಅಳತೆಗೆ ಎಲ್ಲವನ್ನೂ ಇಳಿಸುತ್ತಾರೆ.

ನೀ-ಓಲೆಸುಂಡ್ ಊರಿನ ಹಿತ್ತಿಲಲ್ಲೇ ಇರುವ ಔಸ್ಟ್ರೆ ಬ್ರೊಗ್ಗರ್‌ಬ್ರೇನ್ ಎಂಬ ಸಣ್ಣ ಹಿಮನದಿಯ ಖಾತೆಯನ್ನು ನಾರ್ವೆಯವರು 1967ರಿಂದ ಬಿಡದೆ ಬರೆದಿದ್ದಾರೆ. ಕೋಂಗ್ಸ್‌ವೇಗನ್‌ನ ಖಾತೆ 1987ರಿಂದ ಇದೆ. ಪಕ್ಕದ ವೆಸ್ಟ್ರೆ ಬ್ರೊಗ್ಗರ್‌ಬ್ರೇನ್ ಎಂಬ ಹಿಮನದಿಯ ಖಾತೆಯನ್ನು ನಮ್ಮ ಭಾರತದ ವಿಜ್ಞಾನಿಗಳು ಹಿಮಾದ್ರಿಯಲ್ಲಿ ಇದ್ದುಕೊಂಡು ನೋಡುತ್ತಾರೆ. ಔಸ್ಟ್ರೆ ಬ್ರೊಗ್ಗರ್‌ಬ್ರೇನ್‌ನ ಪುಸ್ತಕ ತೆರೆದರೆ, ಒಂದೆರಡು ವರ್ಷ ಬಿಟ್ಟು ಮಿಕ್ಕ ಎಲ್ಲ ವರ್ಷಗಳಲ್ಲೂ ಖರ್ಚೇ ಹೆಚ್ಚು. ಅಂದರೆ ಬಡ್ಡಿ ಸಾಲದೆ ಅಸಲಿಗೇ ಕೈಹಾಕಿ ಅರ್ಧ ಶತಮಾನಕ್ಕೂ ಮೇಲಾಯಿತು. ಇಂಥ ಖಾತೆ ಯಾರದಾದರೂ ಕೌಂಟರಿಗೆ ಬಂದಿದ್ದರೆ, ಒಳಗೆ ಕರೆದು ಕೂರಿಸಿ, ಏನಾಗಿದೆ ಯಜಮಾನರೇ ಎಂದು ಕೇಳುತ್ತಿದ್ದೆವು.

ಏನಾಗಿದೆ? ಗಾಳಿ ಬೆಚ್ಚಗಾಗಿದೆ. ಜಗತ್ತಿನ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಸ್ವಾಲ್‌ಬಾರ್ಡ್ ಬಿಸಿಯಾಗುತ್ತಿದೆ. ಅಟ್ಲಾಂಟಿಕ್ ಸಾಗರದ ಬೆಚ್ಚಗಿನ ಪ್ರವಾಹವೊಂದು ಅದರ ಪಶ್ಚಿಮ ಕರಾವಳಿಯನ್ನು ಸವರಿಕೊಂಡೇ ಹೋಗುತ್ತದೆ. ಅದರ ನೀರು ಈಗ ಫ್ಯೋರ್ಡಿನ ಒಳಗೂ ಹೆಚ್ಚಾಗಿ ನುಗ್ಗುತ್ತಿದೆ. ಮೊದಲೆಲ್ಲ ಚಳಿಗಾಲದಲ್ಲಿ ಕೋಂಗ್ಸ್‌ಫ್ಯೋರ್ಡಿನ ಬಹುಭಾಗ ಹೆಪ್ಪುಗಟ್ಟಿ, ಅದರ ಮೇಲೆ ಓಡಾಡಬಹುದಿತ್ತು. 2006ರಿಂದೀಚೆಗೆ ಹಾಗೆ ಹೆಪ್ಪುಗಟ್ಟುವುದು ಅಪರೂಪ. ಮೇಲಿನಿಂದ ಬೆಚ್ಚನೆ ಗಾಳಿ, ಕೆಳಗಿನಿಂದ ಬೆಚ್ಚನೆ ನೀರು. ಕ್ರೋನೆಬ್ರೇನ್‌ನ ಗೋಡೆ 2011ರ ನಂತರ ಒಂದು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಹಿಮನದಿ ಮುಂದಕ್ಕೇ ಹರಿಯುತ್ತಿದೆ, ಆದರೆ ಬಂದದ್ದಕ್ಕಿಂತ ಹೆಚ್ಚು ತುದಿಯಲ್ಲಿ ಕಳಚಿಹೋಗುತ್ತಿದೆ. ಈ ನೀರಿನ ಬಿಸಿ, ಉಪ್ಪು ಅಳೆಯಲು ಭಾರತ 2014ರಲ್ಲಿ ಫ್ಯೋರ್ಡಿನ 192 ಮೀಟರ್ ಆಳದಲ್ಲಿ ‘ಇಂಡಾರ್ಕ್’ ಎಂಬ ಉಪಕರಣಗಳ ಸರಪಳಿಯನ್ನು ಇಳಿಬಿಟ್ಟಿದೆ.

ಹಿಮ ಹಿಂದೆ ಸರಿದದ್ದರಿಂದ ಭೂಪಟವೇ ಬದಲಾದ ಕಥೆಯೊಂದಿದೆ. ಫ್ಯೋರ್ಡಿನ ಉತ್ತರ ಭಾಗದಲ್ಲಿ ಬ್ಲೋಮ್‌ಸ್ಟ್ರಾಂಡ್‌ಹಾಲ್ವೋಯಾ ಎಂಬ ಜಾಗವಿದೆ. ‘ಹಾಲ್ವೋಯಾ’ ಎಂದರೆ ಪರ್ಯಾಯದ್ವೀಪ, ಮೂರು ಕಡೆ ನೀರು, ಒಂದು ಕಡೆ ನೆಲ. ಒಂದು ಹಿಮನದಿ ಅದನ್ನು ಭೂಭಾಗಕ್ಕೆ ಅಂಟಿಸಿಕೊಂಡಿತ್ತು. 1990ರ ದಶಕದಲ್ಲಿ ಆ ಹಿಮನದಿ ಹಿಂಜರಿದಾಗ ನೋಡಿದರೆ ನಾಲ್ಕನೆಯ ಕಡೆಯೂ ನೀರೇ! ಅದು ದ್ವೀಪ. ಹೆಸರು ಮಾತ್ರ ಇವತ್ತಿಗೂ ಪರ್ಯಾಯದ್ವೀಪ ಎಂದೇ ಉಳಿದಿದೆ. ಅದೇ ಜಾಗದಲ್ಲಿ, 1911ರ ಸುಮಾರಿಗೆ ಅರ್ನೆಸ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಆಂಗ್ಲ ಸಾಹಸಿ ಅಮೃತಶಿಲೆಯ ಗಣಿ ತೆರೆದಿದ್ದ. ಯಂತ್ರ ತಂದ, ಮನೆ ಕಟ್ಟಿಸಿದ, ‘ನೀ-ಲಂಡನ್’, ಅಂದರೆ ಹೊಸ ಲಂಡನ್ ಎಂದು ಹೆಸರೂ ಬಂತು. ಸಾವಿರಾರು ವರ್ಷಗಳ ಚಳಿ ಆ ಕಲ್ಲಿನೊಳಗೆ ಕೂದಲೆಳೆಯಷ್ಟು ಬಿರುಕುಗಳನ್ನು ಮಾಡಿತ್ತು. ಹೆಪ್ಪುಗಟ್ಟಿದ್ದಷ್ಟು ದಿನ ಗಟ್ಟಿ, ಬೆಚ್ಚನೆ ಜಾಗಕ್ಕೆ ಸಾಗಿಸಿದರೆ ಪುಡಿಪುಡಿ. ತುಕ್ಕು ಹಿಡಿದ ಯಂತ್ರಗಳು ಈಗಲೂ ಅಲ್ಲೇ ಬಿದ್ದಿವೆ. ಸಾಲ ಕೊಟ್ಟವರ ಪಾಡು ಏನಾಯಿತೋ ಎಂದು ನನ್ನಂಥವನಿಗೆ ಮೊದಲು ಅನಿಸುವುದು ಸಹಜ.

ನೀ-ಓಲೆಸುಂಡ್ ಕೂಡ ಹುಟ್ಟಿದ್ದು ಗಣಿಯಿಂದಲೇ. 1916ರಲ್ಲಿ ಶುರುವಾದ ಕಲ್ಲಿದ್ದಲ ಗಣಿ. ಧ್ರುವದ ಹತ್ತಿರ ಕಲ್ಲಿದ್ದಲು ಸಿಗುವುದೆಂದರೆ, ಆರೇಳು ಕೋಟಿ ವರ್ಷ ಹಿಂದೆ ಅಲ್ಲಿ ಕಾಡು ಇತ್ತು ಎಂದರ್ಥ. 1926ರ ಮೇ 11ರಂದು ರೊಆಲ್ಡ್ ಅಮುಂಡ್ಸನ್, ಉಂಬರ್ಟೊ ನೋಬಿಲೆ ಮತ್ತು ಸಂಗಡಿಗರು ‘ನಾರ್ಗೆ’ ಎಂಬ ವಾಯುನೌಕೆಯಲ್ಲಿ ಈ ಊರಿನಿಂದ ಹೊರಟು ಉತ್ತರ ಧ್ರುವದ ಮೇಲೆ ಹಾರಿ ಅಲಾಸ್ಕಾ ಸೇರಿದರು. ವಾಯುನೌಕೆಯನ್ನು ಕಟ್ಟಿದ ಕಬ್ಬಿಣದ ಕಂಬ ಊರಾಚೆ ಈಗಲೂ ನಿಂತಿದೆ. ಗಣಿಯ ಕಥೆ ಮಾತ್ರ ದುಃಖದ್ದು. 1962ರ ನವೆಂಬರ್ 5ರಂದು ಗಣಿಯೊಳಗೆ ಸ್ಫೋಟವಾಗಿ 21 ಮಂದಿ ಸತ್ತರು. ಮರುವರ್ಷ ಗಣಿ ಮುಚ್ಚಿತು. ಸುರಕ್ಷತೆಯನ್ನು ಕಡೆಗಣಿಸಿದ್ದಕ್ಕಾಗಿ ನಾರ್ವೆಯ ಸಂಸತ್ತಿನಲ್ಲಿ ಗದ್ದಲವೆದ್ದು ಸರಕಾರವೇ ಬಿದ್ದಿತು. ಎಲ್ಲೋ ಭೂಮಿಯ ತುದಿಯ ಕೂಲಿಗಳ ಸಾವಿಗೆ ರಾಜಧಾನಿಯಲ್ಲಿ ಕುರ್ಚಿ ಅಲುಗಾಡಿತು ಎನ್ನುವುದನ್ನು ನಾನು ಆ ದೇಶದ ಪರವಾಗಿ ಬರೆದುಕೊಳ್ಳುತ್ತೇನೆ.

ಗಣಿ ಹೋದಮೇಲೆ ಊರು ವಿಜ್ಞಾನಿಗಳದ್ದಾಯಿತು. ಸುಮಾರು ಹತ್ತು ದೇಶಗಳ ಕೇಂದ್ರಗಳಿವೆ. ಬೇಸಿಗೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಜನ, ಚಳಿಗಾಲದಲ್ಲಿ ಮೂವತ್ತೋ ಮೂವತ್ತೈದೋ. ಮಸಿ ಹಿಡಿದ ಗಣಿಯ ಬೂಟುಗಳನ್ನು ಹೊರಗೇ ಬಿಡುತ್ತಿದ್ದ ಕಾಲದ ಪದ್ಧತಿ ಉಳಿದು, ಈಗಲೂ ಬೂಟು ಕಳಚಿಯೇ ಒಳಗೆ ಬರಬೇಕು. ನಮ್ಮವರಿಗೆ ಇದನ್ನು ಕಲಿಸಬೇಕಾಗಿಲ್ಲ! ಬಾಗಿಲಿಗೆ ಬೀಗ ಹಾಕುವುದಿಲ್ಲ. ಹಿಮಕರಡಿ ಬಂದರೆ ಯಾರು ಬೇಕಾದರೂ ಹತ್ತಿರದ ಮನೆಗೆ ನುಗ್ಗಿಬಿಡಬಹುದು. ಊರಾಚೆ ಹೋಗುವವರ ಹೆಗಲಲ್ಲಿ ಬಂದೂಕು ಇರಲೇಬೇಕು. ಮೊಬೈಲು, ವೈಫೈ ಬಳಸುವಂತಿಲ್ಲ. ದೂರದ ಆಕಾಶಕಾಯಗಳಿಂದ ಬರುವ ಅತಿ ಕ್ಷೀಣವಾದ ರೇಡಿಯೊ ಅಲೆಗಳನ್ನು ಕೇಳಿಸಿಕೊಳ್ಳುವ ದೊಡ್ಡ ಆಂಟೆನಾಗಳು ಅಲ್ಲಿವೆ, ಅವುಗಳಿಗೆ ನಿಶ್ಶಬ್ದ ಬೇಕು.

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಏಪ್ರಿಲ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಮುಳುಗುವುದೇ ಇಲ್ಲ. ನಮ್ಮವರು ಬಹುಕಾಲ ಬೆಳಕಿನ ತಿಂಗಳುಗಳಲ್ಲಷ್ಟೇ ಹೋಗಿಬರುತ್ತಿದ್ದರು. 2023ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಭಾರತದ ಚಳಿಗಾಲದ ತಂಡ ಆ ಕತ್ತಲೆಗೆ ಹೊರಟಿತು. ಅದರಲ್ಲಿ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ವಿಶ್ವದ ಮೊದಲ ನಕ್ಷತ್ರಗಳ ಕಾಲದ ಮಂದವಾದ ರೇಡಿಯೊ ಅಲೆಗಳನ್ನು ಹಿಡಿಯಲು ಆ ಜಾಗ ಎಷ್ಟು ನಿಶ್ಶಬ್ದವಾಗಿದೆ ಎಂದು ಪರೀಕ್ಷಿಸುವುದು ಅವರ ಕೆಲಸ. ಅಂದಹಾಗೆ, ಆ ನೆಲಕ್ಕೂ ನಮಗೂ ಇರುವ ಕಾಗದಪತ್ರದ ನಂಟು ಇನ್ನೂ ಹಳೆಯದು. 1920ರ ಫೆಬ್ರವರಿ 9ರಂದು ಪ್ಯಾರಿಸ್ಸಿನಲ್ಲಿ ಆದ ಸ್ವಾಲ್‌ಬಾರ್ಡ್ ಒಪ್ಪಂದಕ್ಕೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತದ ಪರವಾಗಿಯೂ ರುಜು ಬಿದ್ದಿದೆ.

ಇಷ್ಟು ದೂರದ ಹಿಮ ಕರಗಿದರೆ ನಮಗೇನು? ಸಂಜೆ ಒಂದು ಪ್ರಯೋಗ ಮಾಡಿ. ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ. ಒಂದರ ನೀರಿನಲ್ಲಿ ಮಂಜುಗಡ್ಡೆ ತೇಲಿಬಿಟ್ಟು ನೀರಿನ ಮಟ್ಟಕ್ಕೆ ಗುರುತು ಹಾಕಿ. ಇನ್ನೊಂದರ ಬಾಯಿಗೆ ಟೀ ಸೋಸುವ ಜರಡಿ ಇಟ್ಟು, ಗಡ್ಡೆ ನೀರಿಗೆ ತಾಗದಂತೆ ಅದರಲ್ಲಿಟ್ಟು, ಗುರುತು ಹಾಕಿ. ಎರಡೂ ಕರಗಲಿ. ತೇಲುತ್ತಿದ್ದ ಗಡ್ಡೆ ಕರಗಿದರೆ ಮಟ್ಟ ಏರುವುದಿಲ್ಲ, ಜರಡಿಯ ಮೇಲಿನದು ಕರಗಿದರೆ ಏರುತ್ತದೆ. ನೆಲದ ಮೇಲೆ ಕುಳಿತ ಹಿಮನದಿ ಜರಡಿಯ ಮೇಲಿನ ಗಡ್ಡೆ. ಸ್ವಾಲ್‌ಬಾರ್ಡಿನ ಹಿಮವೆಲ್ಲ ಕರಗಿದರೆ ಜಗತ್ತಿನ ಸಮುದ್ರದ ಮಟ್ಟ ಸುಮಾರು ಒಂದೂವರೆ ಸೆಂಟಿಮೀಟರ್ ಏರುತ್ತದೆ. ಅಷ್ಟೇ ತಾನೇ ಎಂದರೆ, ಅದು ಒಂದು ದ್ವೀಪಸಮೂಹದ ಪಾಲು ಮಾತ್ರ, ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಖಾತೆಗಳು ಬೇರೆ ಇವೆ. ಸಮುದ್ರಕ್ಕೆ ಗಡಿಯಿಲ್ಲ, ಉಳ್ಳಾಲದ ದಂಡೆಗೂ ಅದೇ ನೀರು.

ಆ ಸೋಮಾರಿ ಅಣ್ಣನ ವಿಷಯ ಬಾಕಿ ಇದೆ. ಕೋಂಗ್ಸ್‌ವೇಗನ್ ನಿಧಾನ ಎಂದೆನಲ್ಲ, ಅದು ಬಿದ್ದ ಹಿಮವನ್ನು ಕೆಳಕ್ಕೆ ಸಾಗಿಸದೆ ಮೇಲೆಯೇ ಕೂಡಿಟ್ಟುಕೊಳ್ಳುವ ಜಾತಿ. ಮೇಲ್ಭಾಗ ದಪ್ಪವಾಗುತ್ತದೆ, ಕೆಳಭಾಗ ಸವೆಯುತ್ತದೆ, ಇಳಿಜಾರು ಕಡಿದಾಗುತ್ತದೆ. ಕೊನೆಗೆ ಒಂದು ದಿನ ತಳದಲ್ಲಿ ನೀರು ಸಿಕ್ಕಿಕೊಂಡು ಹಿಡಿತ ತಪ್ಪಿ, ಕೂಡಿಟ್ಟದ್ದೆಲ್ಲ ಒಮ್ಮೆಗೇ ಧಾವಿಸಿ ಬರುತ್ತದೆ. ಹಿಂದಿನ ಸಲ ಹಾಗಾದದ್ದು 1948ರ ಸುಮಾರಿಗೆ, ನಮ್ಮಲ್ಲಿ ಈಗಿನ ಅಜ್ಜಂದಿರು ಎಳೆಯರಾಗಿದ್ದಾಗ ಅಥವಾ ಹುಟ್ಟುವ ಮೊದಲು. ಇತ್ತೀಚಿನ ವರ್ಷಗಳಲ್ಲಿ ಅದರ ಮೇಲ್ಭಾಗದ ನಡಿಗೆ ಮತ್ತೆ ಬಿರುಸಾಗುತ್ತಿರುವುದು ದಾಖಲಾಗಿದೆ. ತಳದವರೆಗೂ ತೂತು ಕೊರೆದು, ಉಪಕರಣ ಇಳಿಸಿ, ಕಿವಿಗೊಟ್ಟು ಕುಳಿತಿದ್ದಾರೆ.